ನಿಂತು ನುಡಿಸಿದ ಪಿಟೀಲು

ನನ್ನ ಪಿಟೀಲು ಮೇಷ್ಟರು ಹಂಗೇರಿ ದೇಶದವರು. ಬುಡಾಪೆಸ್ಟಿನ ದೊಡ್ಡ ನಾಟಕಶಾಲೆಯಲ್ಲಿ ನುಡಿಸುತ್ತಿದ್ದವರು, ಅಲ್ಲಿನ ಮೇಲಧಿಕಾರಿಯ ಮುಂದೆ ತಲೆ ಬಗ್ಗಿಸಲಾರೆ ಎಂದು ಕೆಲಸ ಬಿಟ್ಟು, ಹಡಗು ಹತ್ತಿ, ಕೊನೆಗೆ ಮೈಸೂರು ಅರಮನೆಯ ವಾದ್ಯಮೇಳ ಸೇರಿದ್ದರು. ಈ ಕಥೆಯನ್ನು ಹತ್ತಾರು ಸಲ ಹೇಳಿದ್ದರು; ಪ್ರತಿ ಸಲವೂ ಆ ಮೇಲಧಿಕಾರಿಯ ಮೀಸೆ ಇನ್ನಷ್ಟು ಉದ್ದವಾಗುತ್ತಿತ್ತು.

ಒಂದು ಬೇಸಿಗೆ ಅವರು ನಮ್ಮೂರು ಹುಣಸೂರಿನ ಬಂಗಲೆಗೆ ರಜೆ ಕಳೆಯಲು ಬಂದಾಗ ಪಿಟೀಲಿನ ಮೈ ಬಿರುಕು ಬಿಟ್ಟಿತು. ಅದು ಗಾಡಿ, ಬಾಗಿಲು ಮಾಡುತ್ತಿದ್ದ ನನ್ನಪ್ಪನ ಕೈಗೆ ಬಂತು. ಅಪ್ಪ ಬಿರುಕನ್ನು ಚೆನ್ನಾಗಿಯೇ ಮುಚ್ಚಿದ. ಆದರೆ ತಂತಿಗಳನ್ನು ಹೊರುವ ಕುದುರೆ ಬರೀ ತಂತಿಯ ಬಿಗಿಗೆ ನಿಂತಿರುವುದನ್ನು ಕಂಡು, "ಯಾರೋ ಅಂಟು ಆಕೋದು ಮರ್ತವ್ರೆ" ಎಂದು ಅದನ್ನೂ ಮರವಜ್ರ ಕಾಯಿಸಿ ಭದ್ರವಾಗಿ ಅಂಟಿಸಿಬಿಟ್ಟ. ಅದು ಅಂಟಿಲ್ಲದೆಯೇ ನಿಲ್ಲಬೇಕಾದದ್ದು; ಮೇಷ್ಟರು ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಪ್ಪ ಹೊಸ ಕುದುರೆ ಕೆತ್ತುವವರೆಗೂ ನಮ್ಮ ಅಂಗಳದಲ್ಲೇ ಕೂತಿದ್ದವರು, ಹನ್ನೆರಡು ವರ್ಷದ ನನ್ನ ಕೈಗೆ ಕಮಾನು ಕೊಟ್ಟರು. ಅಲ್ಲಿಂದ ಪ್ರತಿ ಬೇಸಿಗೆ ಪಾಠ. ಗದ್ದದಡಿ ಪಿಟೀಲು, ಬೆನ್ನು ನೆಟ್ಟಗೆ, ಕಣ್ಣು ಮುಂದಕ್ಕೆ.

ಬೀದಿಯವರಿಗೆ ಅದು ಸಹಿಸಲಾಗಲಿಲ್ಲ. ಮೂರನೆಯ ಬೇಸಿಗೆ, ಪಾಠ ನಡೆಯುತ್ತಿದ್ದಾಗಲೇ, ನಮ್ಮ ಕುಲದ ಯಜಮಾನರು ಜಗಲಿಗೆ ಬಂದು ಕೂತರು.

"ಹೆಣ್ಮಗಳು ಪರಂಗಿಯೋನ ಮುಂದೆ ಎದೆ ಸೆಟೆಸ್ಕೊಂಡು ನಿಂತ್ಕೊಳೋದಾ? ನಮ್ಮೋರಂಗೆ ನೆಲದ ಮ್ಯಾಲೆ ಕೂತು, ತಲೆ ಬಗ್ಸಿ, ಒಳಗೆ ನುಡಿಸ್ಲಿ. ಇಲ್ದಿದ್ರೆ ಇವತ್ತಿಗೇ ಬುಟ್ಬುಡ್ಲಿ ಕಣಪ್ಪ."

ಅಪ್ಪ ಹಲಗೆ ಹೆರೆಯುತ್ತಲೇ ಇದ್ದ. ಮೇಷ್ಟರೇ ತಮ್ಮ ಅರೆಬರೆ ಕನ್ನಡದಲ್ಲಿ ಮೆತ್ತಗೆ ಹೇಳಿದರು: "ಕೂತುಕೋ ಮಗು. ಪಾಠ ಉಳಿಯುತ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಕೂತು ನುಡಿಸುವ ವಿದ್ವಾಂಸರ ಮೇಲೆ ನನಗೇನೂ ಹಗೆಯಿರಲಿಲ್ಲ. ನನ್ನನ್ನು ಕೂರಿಸಲು ಬಂದವರ ಮೇಲಿತ್ತು.

"ನೀವ್ಯಾಕೆ ಹಡಗು ಹತ್ತುದ್ರಿ ಮೇಷ್ಟ್ರೇ? ಅಲ್ಲೇ ತಲೆ ಬಗ್ಗಿಸ್ಕೊಂಡು ಇರ್ಬೋದಿತ್ತಲ್ಲ?"

ಅವರ ಮುಖ ಕೆಂಪಾಯಿತು. ನಾನು ಯಜಮಾನರ ಎದುರಿಗೇ ನಿಂತು, ಅವರ ಕಣ್ಣನ್ನೇ ನೋಡುತ್ತ, ಗೊತ್ತಿದ್ದದ್ದನ್ನೆಲ್ಲ ನುಡಿಸಿದೆ. ಎರಡು ಕಡೆ ಅಪಸ್ವರ ಬಂತು. ಬಂದರೆ ಬರಲಿ ಎಂದು ಮುಂದುವರಿಸಿದೆ.

ಯಜಮಾನರು ಶಲ್ಯ ಕೊಡವಿ ಎದ್ದರು. "ಇನ್ಮ್ಯಾಕೆ ನಿನ್ನ ಮನೆಗೆ ಯಾರೂ ಕೆಲ್ಸ ತರಾಕಿಲ್ಲ, ಮದ್ವೆ ಮುಂಜಿಗೆ ಕರೆಯಾಕಿಲ್ಲ. ತಿಳ್ಕೊ."

ಅಪ್ಪ ಅವರ ಕಡೆ ತಿರುಗಲೇ ಇಲ್ಲ. ಕೈಯ ಮರದ ಹೊಟ್ಟನ್ನು ಪಂಚೆಗೆ ಒರೆಸಿಕೊಂಡು ಮೇಷ್ಟರನ್ನು ಕೇಳಿದ:

"ನಾಳೀಕೆ ಎಷ್ಟೊತ್ಗೆ ಬತ್ತೀರಿ ಸ್ವಾಮಿ?"