ಹತ್ತು ವರ್ಷದ ಹೊಟ್ಟೆನೋವು

ಎಷ್ಟು ದಿನದಿಂದ ನೋವು ಎಂದು ಡ್ಯೂಟಿ ಡಾಕ್ಟರು ಕೇಳಿದರು. "ಹತ್ತು ವರ್ಷದಿಂದ ಸಾರ್" ಎಂದಳು ನನ್ನ ಅಕ್ಕ ಸರೋಜ. ಪಕ್ಕದಲ್ಲಿ ನಿಂತಿದ್ದ ನಾನು ಹೌದು ಹೌದು ಎಂದು ತಲೆಯಾಡಿಸಿದೆ.

ನೋವು ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ.

ಮತ್ತೆ ಹಾಗೇಕೆ ಹೇಳಿದಿರಿ ಎನ್ನುತ್ತೀರಾ? ಹಾಗಾದರೆ ನೀವು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿಲ್ಲ. ಅಲ್ಲಿ ನಾಲ್ಕು ದಿನದ ಕೆಮ್ಮು ಎಂಬುದೇ ಇಲ್ಲ. ಎಲ್ಲವೂ ವರ್ಷಗಟ್ಟಲೆಯವೇ. "ಎಪ್ಪಟ್ನುಂಚೋ ಉಂದಿ ಸಾರ್", ಯಾವಾಗಿನಿಂದಲೋ ಇದೆ, ಎಂದು ತೆಲುಗಿನಲ್ಲಿ ಹೇಳುವವರದಂತೂ ತಾತನ ಕಾಲದಿಂದ ಬಂದ ಆಸ್ತಿ. ನಾಲ್ಕು ದಿನ ಎಂದರೆ ಡಾಕ್ಟರು ತಲೆಯೆತ್ತದೆ ಚೀಟಿ ಬರೆಯುತ್ತಾರೆ. ಹತ್ತು ವರ್ಷ ಎಂದರೆ ಸ್ಟೆತಸ್ಕೋಪು ಕಿವಿಗೇರುತ್ತದೆ. ಇದು ನಮ್ಮಮ್ಮ ಕಲಿಸಿದ ಪಾಠ. (ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನೂ ಅದನ್ನು ಮರೆತಿಲ್ಲ ಎಂಬುದು ಬೇರೆ ಮಾತು.)

ಸರೋಜಕ್ಕ ದಿಬ್ಬೂರಹಳ್ಳಿ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಅವಳ ಪಾಲಿಗೆ ವರ್ಷದಲ್ಲಿ ತಿಂಗಳುಗಳಿಲ್ಲ, ಬೆಳೆಗಳಿವೆ. ಮೊಟ್ಟೆಯೊಡೆಸಿ ಮರಿ ಮಾಡಿಕೊಡುವ ಚಾಕಿ ಸೆಂಟರಿನಿಂದ ಮರಿ ಹುಳು ಮನೆಗೆ ಬಂದ ದಿನದಿಂದ ಗೂಡು ಮಾರ್ಕೆಟ್ಟಿಗೆ ಹೋಗುವ ದಿನದವರೆಗೆ ಅವಳು ಯಾರ ಮದುವೆಗೂ ಬರುವುದಿಲ್ಲ, ಯಾರ ತಿಥಿಗೂ ಬರುವುದಿಲ್ಲ. ಈ ಸಲ ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಸಿಕ್ಕಿದ್ದು ಹನ್ನೆರಡು ದಿನದ ಬಿಡುವು. ಕಾಯಿಲೆ ಬೀಳುವುದಿದ್ದರೆ ಅಷ್ಟರಲ್ಲೇ ಬಿದ್ದು ಏಳಬೇಕು.

ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ತಡ ಮಾಡಬೇಡಿ, ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದರು ಸ್ಕ್ಯಾನ್ ನೋಡಿದ ಡಾಕ್ಟರು.

ಆಪರೇಷನ್ನಿಗೆ ಮೊದಲು ಹೋಗಿದ್ದು ಸರ್ಕಾರಿ ಆಸ್ಪತ್ರೆಗೇ. ಸರ್ಜನ್ ತುಂಬಾ ಒಳ್ಳೆಯವರು, ಆದರೆ ಒಬ್ಬರೇ. ಅವರ ಮುಂದಿನ ಸಾಲು ನೋಡಿದರೆ ಪಾಪ ಅವರಿಗೇ ಯಾರಾದರೂ ಡ್ರಿಪ್ ಹಾಕಬೇಕು ಅನ್ನಿಸಿತು. ಮೂರು ವಾರದ ನಂತರದ ದಿನ ಕೊಟ್ಟರು. ಆ ಹೊತ್ತಿಗೆ ಅಕ್ಕನ ಮನೆಯಲ್ಲಿ ಹುಳುಗಳಿಗೆ ನಾಲ್ಕನೇ ಜ್ವರ. (ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಸಲ ಬರುತ್ತದೆ. ಇನ್ಶೂರೆನ್ಸ್ ಇಲ್ಲದೆಯೇ ಬಿಡುತ್ತದೆ.) ಆವತ್ತು ಆಗಲ್ಲ ಎಂದು ಅಕ್ಕ ಎದ್ದು ಬಂದೇಬಿಟ್ಟಳು.

ಆಗ ನಾನು ಬ್ಯಾಗಿನಿಂದ ಇನ್ಶೂರೆನ್ಸ್ ಕಾರ್ಡು ತೆಗೆದೆ. ಬೇಡ ಬೇಡ ಎಂದರೂ ಅಕ್ಕನಿಗೆ ಪಾಲಿಸಿ ಮಾಡಿಸಿದ್ದವಳು ನಾನೇ. ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿತ್ತು. ಕಲ್ಲಿನಂಥ ಕಾಯಿಲೆಗಳಿಗೆ ಇಷ್ಟು ದಿನ ಕಾಯಬೇಕು ಎಂಬ ನಿಯಮದ ಅವಧಿಯೂ ದಾಟಿತ್ತು. ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಗೆ ರಾಣಿಯ ಹಾಗೆ ಕರೆದುಕೊಂಡು ಹೋದೆ. ಕ್ಯಾಶ್‌ಲೆಸ್, ನೀನು ಸುಮ್ಮನೆ ಮಲಗು ಅಂದೆ.

ಮಲಗುವ ಮುಂಚೆ ಕೇಳಿದ ಪ್ರಶ್ನೆಗೆ ಅಕ್ಕ ಕೊಟ್ಟ ಹತ್ತು ವರ್ಷದ ಉತ್ತರವನ್ನು ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದುಕೊಂಡರು. ಅದು ಹಾಗೇ ಕಂಪನಿಗೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಇನ್ಶೂರೆನ್ಸ್ ಡೆಸ್ಕಿನ ಮೇಡಂ ಬಂದು, ರಿಜೆಕ್ಟ್ ಆಗಿದೆ ಎಂದರು. ಕಾರಣ? ಹತ್ತು ವರ್ಷದಿಂದ ಇದ್ದ ಕಾಯಿಲೆಯನ್ನು ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟಿದ್ದೀರಿ.

ನಾನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಕ್ಕನಿಗೆ ಬಂದಿದ್ದು ಮಾತ್ರ ಸಿಟ್ಟು.

"ನನ್ನ ಸುಳ್ಳಿ ಅಂತಾರೇನೇ ಅವ್ರು? ನಡಿ, ಮನೆಗೆ ಹೋಗಣ."

ಹೇಳಿದ್ದು ಸುಳ್ಳೇ ಅಲ್ಲವೇನೇ ಅಂತ ಬಾಯಿಗೆ ಬಂದಿತ್ತು. ನಾನೂ ತಲೆಯಾಡಿಸಿದ್ದು ನೆನಪಾಗಿ ನುಂಗಿಕೊಂಡೆ. ದುಡ್ಡು ನಾನು ಕಟ್ಟುತ್ತೇನೆ ಎಂದೆ. ಮೂರು ಸಲ ಕಂಪನಿಗೆ ಕಟ್ಟಿಸಿದ್ದು ಮತ್ತೆ ಯಾಕೆ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವಳು ಬ್ಯಾಗಿಗೆ ಟವೆಲ್ಲು, ಲೋಟ ತುಂಬಿಕೊಳ್ಳುತ್ತಿದ್ದರೆ ನನಗೆ ನಿಜವಾಗಿಯೂ ಭಯವಾಯಿತು. ಈಗ ಮನೆಗೆ ಹೋದರೆ ಮರಿ ಹುಳು ಬರುತ್ತದೆ. ಆಮೇಲೆ ಇವಳನ್ನು ಆ ಹುಳುಮನೆಯಿಂದ ಹೊರಗೆ ಎಳೆಯಲು ಯಾರಿಂದಲೂ ಆಗುವುದಿಲ್ಲ. ನಡುವೆ ಕಲ್ಲು ಜಾರಿದರೆ?

ಅಷ್ಟರಲ್ಲಿ ನನ್ನ ಜೊತೆ ಪಾಠ ಮಾಡುವ ಫರ್ಜಾನಾ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ನೋಡಲು ಬಂದಳು. ಅವಳ ತಂಗಿ ಇಂಗ್ಲೆಂಡಿನಲ್ಲಿ ನರ್ಸು. ಅಲ್ಲಿ ಕಾರ್ಡೂ ಇಲ್ಲ, ಕ್ಯಾಶೂ ಇಲ್ಲ, ಆಪರೇಷನ್ ಪೂರ್ತಿ ಫ್ರೀ ಎಂದಳು. ಅಕ್ಕ ಟವೆಲ್ಲು ಮಡಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಆದರೆ ಕಲ್ಲು ತೆಗೆಸುವುದಕ್ಕೆ ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕಂತೆ. ಅಷ್ಟರಲ್ಲಿ ಎಷ್ಟು ಬೆಳೆ ಆಗುತ್ತದೆ ಎಂದು ಅಕ್ಕ ಬೆರಳು ಮಡಿಸಿ ನೋಡಿ, ಆ ದೇಶವನ್ನೂ ರಿಜೆಕ್ಟ್ ಮಾಡಿದಳು.

ಫರ್ಜಾನಾ ಮತ್ತು ನಾನು ಅಲ್ಲೇ ವಾದಕ್ಕಿಳಿದೆವು. ಸರ್ಕಾರವೇ ಎಲ್ಲರನ್ನೂ ನೋಡಿಕೊಳ್ಳಬೇಕು ಎಂದು ಅವಳು, ಇನ್ಶೂರೆನ್ಸನ್ನೇ ಸರಿಪಡಿಸಬೇಕು ಎಂದು ನಾನು. ಟೀಚರುಗಳು, ಕೇಳಬೇಕೆ? ವಾದ ಮಾಡುತ್ತಲೇ ನನಗೊಂದು ವಿಷಯ ಹೊಳೆಯಿತು. ಸರ್ಕಾರಿ ಆಸ್ಪತ್ರೆಯ ಆ ಸಾಲಿನಲ್ಲಿ ಅಕ್ಕ ತಾನು ಎಂಥಾ ದೊಡ್ಡ ರೋಗಿ ಎಂದು ತೋರಿಸಿಕೊಳ್ಳಬೇಕು. ಇಲ್ಲದಿದ್ದರೆ ಹಿಂದಕ್ಕೆ ತಳ್ಳುತ್ತಾರೆ. ಇನ್ಶೂರೆನ್ಸ್ ಕಂಪನಿಗೆ ಅದೇ ಅಕ್ಕ ಮೊನ್ನೆಯವರೆಗೂ ಗುಂಡುಕಲ್ಲಿನ ಹಾಗಿದ್ದೆ ಎಂದು ತೋರಿಸಬೇಕು. ಇಲ್ಲದಿದ್ದರೆ ಹೊರಕ್ಕೇ ಕಳಿಸುತ್ತಾರೆ. ಇರುವುದು ಒಂದೇ ಹೊಟ್ಟೆ. ಅದು ಏನಂತ ಹೇಳಬೇಕು?

ನಮ್ಮ ಗಲಾಟೆ ಕೇಳಿಯೋ ಏನೋ ಈ ಆಸ್ಪತ್ರೆಯ ಸರ್ಜನ್ ಒಳಗೆ ಬಂದರು. ಮಧ್ಯವಯಸ್ಸಿನವರು, ಚಿಂತಾಮಣಿ ಕಡೆಯವರು. ನಾನು ತಪ್ಪೊಪ್ಪಿಕೊಂಡೆ. ಅವರು ನಗಲಿಲ್ಲ. ಅವರ ತಾಯಿಯೂ ಹುಳು ಸಾಕುತ್ತಿದ್ದರಂತೆ. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ವರ್ಷದ ಲೆಕ್ಕ ಬಿಡಿ ಅಮ್ಮ. ಈ ನೋವು ಯಾವ ಬೆಳೇಲಿ ಬಂತು, ಅದು ಹೇಳಿ."

ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ಮೊನ್ನೆ ಮಾರಿದ ಬೆಳೇಲಿ ಸಾರ್. ಹುಳ ಮೂರನೇ ಜ್ವರ ಎದ್ದು ಎರಡನೇ ದಿನ. ಸಾಯಂಕಾಲ ಸೊಪ್ಪು ಹಾಕಿ ಕೈ ತೊಳ್ಕೊತಿದ್ದೆ, ಬಲಗಡೆ ಹಿಡ್ಕೊಂತು. ಅದಕ್ ಮುಂಚೆ ಇಂಥ ನೋವು ಕಂಡಿಲ್ಲ."

ಹಾಗಾದರೆ ಹತ್ತು ವರ್ಷ ಅಂದಿದ್ದು ಏನು ಎಂದು ಅವರು ಕೇಳಿದರು. ಅದು ಗ್ಯಾಸ್ಟ್ರಿಕ್ಕು, ಅದು ಯಾರಿಗಿಲ್ಲ ಎಂದಳು ಅಕ್ಕ. ಡಾಕ್ಟರು ತಮಗೂ ಇದೆ ಎಂದು ಒಪ್ಪಿಕೊಂಡರು.

ನೋವು ಬಂದ ದಿನ ಸಾಯಂಕಾಲವೇ ಊರಿನ ಕ್ಲಿನಿಕ್ಕಿನಲ್ಲಿ ಅಕ್ಕ ಇಂಜೆಕ್ಷನ್ ಹಾಕಿಸಿಕೊಂಡಿದ್ದಳು. ಚೀಟಿಯಲ್ಲಿ ತಾರೀಖಿತ್ತು. ಭಾವ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಸರ್ಜನ್ ತಮ್ಮ ಕೈಯಾರೆ ಒಂದು ಪತ್ರ ಬರೆದು, ರೋಗಿಯನ್ನು ಮತ್ತೆ ವಿಚಾರಿಸಿದ್ದೇನೆ, ಈ ನೋವು ಹೊಸದು, ಹಳೆಯದು ಮಾಮೂಲಿ ಅಸಿಡಿಟಿ ಎಂದು ಸಹಿ ಹಾಕಿದರು. ಡೆಸ್ಕಿನ ಮೇಡಂ ಎರಡನ್ನೂ ಕಳಿಸಿ, ಮೂರು ಸಲ ಫೋನ್ ಮಾಡಿ ಬೆನ್ನುಹತ್ತಿದರು. ಮಾರನೇ ದಿನ ಮಧ್ಯಾಹ್ನ ಒಪ್ಪಿಗೆ ಬಂತು. ನಾನು ಕಾರಿಡಾರಿನಲ್ಲೇ ಅತ್ತುಬಿಟ್ಟೆ. ಫರ್ಜಾನಾ ಎಲ್ಲರಿಗೂ ಟೀ ಕುಡಿಸಿದಳು.

ಮರುದಿನವೇ ಆಪರೇಷನ್. ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಇಷ್ಟೇನಾ ಎಂದು ಅಕ್ಕನಿಗೆ ನಿರಾಸೆಯಾಯಿತು.

ಈ ಕಥೆ ಚೆನ್ನಾಗಿ ಮುಗಿದಿದ್ದು ಒಬ್ಬರು ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತಿದ್ದರಿಂದ. ಅವರಿಗೆ ಆವತ್ತು ಪುರುಸೊತ್ತಿಲ್ಲದಿದ್ದರೆ? ಸುಧಾರಣೆ ಎಂದರೆ ಟಿವಿಯಲ್ಲಿ ದೊಡ್ಡ ದೊಡ್ಡ ಮಾತಾಡುತ್ತಾರೆ. ನನ್ನದು ಸಣ್ಣ ಬೇಡಿಕೆ. ಇಲ್ಲ ಎನ್ನುವ ಮುಂಚೆ ರೋಗಿಯನ್ನೇ ಅವಳ ಭಾಷೆಯಲ್ಲಿ ಒಂದು ಸಲ ಕೇಳಿ. ಸರ್ಕಾರಿ ಆಸ್ಪತ್ರೆಗೆ ಇನ್ನೊಬ್ಬರು ಸರ್ಜನ್ ಕೊಡಿ. ಆಗ ಯಾರೂ ಕೆಮ್ಮಿಗೆ ವರ್ಷ ಸೇರಿಸಬೇಕಾಗಿಲ್ಲ.

ಕಳೆದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಹೊಸ ಮರಿಗಳು ಬಂದಿದ್ದವು. ಅವಳು ಹುಳುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಭಾವ ಸೊಪ್ಪು ಹಾಕುವುದರಲ್ಲಿ ತಪ್ಪು ಹುಡುಕುತ್ತಿದ್ದಳು. ಪಕ್ಕದ ಮನೆಯ ರತ್ನಮ್ಮ ಮಂಡಿನೋವಿಗೆ ಆಸ್ಪತ್ರೆಗೆ ಹೊರಟಿದ್ದವರು, ಅನುಭವಸ್ಥೆ ಎಂದು ಸಲಹೆ ಕೇಳಲು ಬಂದರು. ಅಕ್ಕ ಅವರನ್ನು ಹತ್ತಿರ ಕರೆದು, ಗಂಭೀರವಾಗಿ ಹೇಳಿದಳು:

"ಮೊದ್ಲು ದುಡ್ಡು ಯಾರು ಕೊಡ್ತಾರೆ ಅಂತ ಕೇಳ್ಕೊಳಮ್ಮ. ಎಷ್ಟು ದಿನದಿಂದ ನೋವು ಅನ್ನೋದು ಆಮೇಲೆ ಹೇಳಿದ್ರಾಯ್ತು."