ಹಿಲ್ಡಾ ಕೇಳಿದ ಹದಿನೆಂಟು ಪ್ರಶ್ನೆಗಳು

ನಮ್ಮ ಹಿಲ್ಡಾ ಮೊನಿಯಾಸ್ ಊರಿಗೆಲ್ಲ ಬೇಕಾದವಳು. ವಿಶ್ವವಿದ್ಯಾಲಯದವರು ಅವಳನ್ನು ಆರಿಸಿಕೊಂಡದ್ದು ಅದಕ್ಕೇ, ಎಡವಿದ್ದೂ ಅಲ್ಲೇ.

ಉತ್ತರ ಮ್ಯಾನಿಟೋಬಾದ ನಮ್ಮ ಕ್ರೀ ಬುಡಕಟ್ಟಿನ ಊರಿಗೆ ರಸ್ತೆ ಇರುವುದು ಸರೋವರ ಹೆಪ್ಪುಗಟ್ಟಿದಾಗ ಮಾತ್ರ. ಆ ವರ್ಷ ಮಂಜುಗಡ್ಡೆ ಬೇಗ ಕರಗಿ ದಿನಸಿಯ ಅರ್ಧ ಲಾರಿಗಳೂ ಬರಲಿಲ್ಲ. ವಿಮಾನದಲ್ಲಿ ಬಂದ ದುಬಾರಿ ಹಾಲನ್ನು ನಾವು ಅಂಗಡಿಯಲ್ಲಿ ನೋಡಿ ಬರುತ್ತಿದ್ದೆವು, ಅಷ್ಟೇ. ಶಾಲೆಯಲ್ಲಿ ಹಿಲ್ಡಾ ಹನ್ನೊಂದು ವರ್ಷದಿಂದ ಬೇಯಿಸುತ್ತಿದ್ದ ಬೆಳಗಿನ ಗಂಜಿಯೇ ಎಷ್ಟೋ ಮಕ್ಕಳಿಗೆ ದಿನದ ಊಟ.

ಪ್ರಾಧ್ಯಾಪಕಿ ಮಾರ್ಗಿಟ್ ಬಂದರು. ಯಾವ ಮನೆಯಲ್ಲಿ ಎಷ್ಟು ಹಸಿವಿದೆ ಎಂದು ತಿಳಿದ ಮೇಲೇ ಆ ಗಂಜಿ ಮುಂದುವರಿಯಬೇಕೋ ಬೇಡವೋ ತೀರ್ಮಾನ ಎಂದರು.

"ನಾನು ಹೊರಗಿನವಳು, ನನ್ನ ಮುಂದೆ ಯಾರೂ ಬಾಯಿ ಬಿಡಲ್ಲ. ನೀವೇ ಕೇಳಿ, ಹಿಲ್ಡಾ" ಎಂದು ಹದಿನೆಂಟು ಪ್ರಶ್ನೆಗಳ ಹಾಳೆ ಕೊಟ್ಟರು.

ನಮ್ಮಲ್ಲಿ ಬಂಧುವಿನ ಮುಂದೆ ಊಟಕ್ಕಿಲ್ಲ ಎನ್ನುವುದೆಂದರೆ ಕೊಡು ಎಂದು ಕೇಳಿದ ಹಾಗೆ. ಕೇಳಿಸಿಕೊಂಡವಳು ಕೊಡದೆ ಏಳುವಂತಿಲ್ಲ. ಹಿಲ್ಡಾ ಊರಿಗೆಲ್ಲ ಬಂಧು. ಅವಳ ಮನೆಯಲ್ಲೋ ನಾಲ್ಕು ಮೊಮ್ಮಕ್ಕಳು, ದುಡಿಯುವವಳು ಅವಳೊಬ್ಬಳೇ.

ನಾನು ಅವಳ ಚಿಕ್ಕಮ್ಮನ ಮಗಳು. ನನ್ನ ಅಡುಗೆಮನೆಯಲ್ಲಿ ಕೂತು ಕೇಳಿದಳು:

"ದುಡ್ಡಿಲ್ಲ ಅಂತ ಈ ವರ್ಷ ಯಾವತ್ತಾದ್ರೂ ಊಟ ಬಿಟ್ಟಿದ್ದೀಯೇನೇ?"

"ನನ್ನ ಸೊಂಟ ನೋಡಿನೂ ಕೇಳ್ತೀಯಲ್ಲ! ಇಲ್ಲ ಅಂತ ಬರ್ಕೋ ಅಕ್ಕ."

ಇಬ್ಬರೂ ನಕ್ಕೆವು. ಆ ವಾರ ಮೂರು ದಿನ ನಾನು ಬರೀ ಚಹಾದಲ್ಲಿ ಕಳೆದಿದ್ದೆ. ನನ್ನೊಬ್ಬಳ ಸುಳ್ಳಿನಿಂದ ಏನಾದೀತು, ಉಳಿದವರು ನಿಜ ಹೇಳುತ್ತಾರೆ ಎಂದುಕೊಂಡೆ. ಪ್ರತಿ ಮನೆಯಲ್ಲೂ ಹೀಗೇ ಅಂದುಕೊಂಡರು.

ಶರತ್ಕಾಲದಲ್ಲಿ ಮಾರ್ಗಿಟ್ ಮತ್ತೆ ಬಂದು ಸಭೆ ಕರೆದರು.

"ನಿಮ್ಮೂರಲ್ಲಿ ಹಸಿವು ತುಂಬಾ ಕಡಿಮೆ ಅಂತ ಬಂದಿದೆ. ಗಂಜಿಯ ಹಣ ಬೇರೆ ಊರಿಗೆ ಹೋಗುತ್ತೆ. ಇದು ಸರಿಯಿಲ್ಲ ಅನ್ನೋರಿದ್ರೆ ದಯವಿಟ್ಟು ಕೈ ಎತ್ತಿ."

ಅವರ ದನಿ ಬೇಡಿಕೊಳ್ಳುವ ಹಾಗಿತ್ತು. ಮುಂದಿನ ಸಾಲಿನಲ್ಲಿದ್ದ ಹಿಲ್ಡಾ ತಿರುಗಿ ನಮ್ಮನ್ನು ನೋಡಿದಳು. ಕೈ ಎತ್ತಿದರೆ ಬಂಧುಗಳೆಲ್ಲರ ಮುಂದೆ ಒಟ್ಟಿಗೇ ಕೈ ಚಾಚಿದಂತೆ. ಯಾರೂ ಎತ್ತಲಿಲ್ಲ. ನಾನು ನನ್ನ ಬೂಟು ನೋಡುತ್ತ ಕೂತೆ. ಹೇಡಿ ನಾನು, ಬೇರೆ ಮಾತಿಲ್ಲ.

ಹೊರಗೆ ಬಂದಾಗ ಹಿಲ್ಡಾ ನನ್ನ ತೋಳು ಹಿಡಿದಳು.

"ನೀನಾದ್ರೂ ನಿಜ ಹೇಳಬಾರದಿತ್ತೇನೇ?"

"ಹೇಳಿದ್ರೆ ನೀನು ಮೊಮ್ಮಕ್ಕಳ ತಟ್ಟೆಯಿಂದ ತೆಗೆದು ನಂಗೆ ತಂದ್ಕೊಡ್ತಿದ್ದೆ, ಅಕ್ಕ."

"ಹೌದು, ತರ್ತಿದ್ದೆ" ಎಂದು ತೋಳು ಬಿಟ್ಟಳು.

ಮುಂದಿನ ಸೋಮವಾರ ಶಾಲೆಯ ಒಲೆ ಹತ್ತಲಿಲ್ಲ. ಈಗ ಹಿಲ್ಡಾ ಯಾರ ಮನೆಗೂ ಬರುವುದಿಲ್ಲ. ದಾರಿಯಲ್ಲಿ ಸಿಕ್ಕರೆ ಚಳಿಯ ಮಾತಾಡುತ್ತಾಳೆ, ಮೀನಿನ ಮಾತಾಡುತ್ತಾಳೆ. ಊಟವಾಯಿತೇ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ. ನಾವು ಆಯಿತು ಎನ್ನುತ್ತೇವೆಂದು ಅವಳಿಗೆ ಗೊತ್ತು.