ಏಳನೇ ಕ್ಲಾಸಿನ ಫಲಿತಾಂಶ

ಗಿರಿಜಾ, ನೀನು ಏಳನೇ ಕ್ಲಾಸಿನಲ್ಲಿ ಫೇಲಾಗಿರಲಿಲ್ಲ. ಪಾಸಾಗಿದ್ದೆ — ನಮ್ಮೂರು ಬಾತಿಯ ಶಾಲೆಗೇ ಎರಡನೆಯವಳಾಗಿ. ಸುಳ್ಳು ಹೇಳಿದವಳು ನಾನು, ನಿನ್ನ ಅವ್ವ.

ಇಷ್ಟು ವರ್ಷ ನುಂಗಿಕೊಂಡಿದ್ದೆ. ಮೊನ್ನೆ ಭಾನುವಾರ ಅದನ್ನು ಕೆದಕಿದವಳು ನಿನ್ನ ಮಗಳೇ — ತನಗೆ ಗೊತ್ತಿಲ್ಲದೆ. ಜನರ ಬದುಕಿನ ಸಮೀಕ್ಷೆ ಮಾಡುವುದು ಹೇಗೆಂದು ದಾವಣಗೆರೆಯ ಕಾಲೇಜಿನಲ್ಲಿ ಕಲಿಸುವ ನಮ್ಮ ಕಾವ್ಯ, ಆರು ವಿದ್ಯಾರ್ಥಿಗಳನ್ನು ಕರೆತಂದಿದ್ದಳಲ್ಲ, ಪ್ರಶ್ನೆಗಳನ್ನು ಮೊದಲು ಮನೆಯವರ ಮೇಲೇ ಪರೀಕ್ಷಿಸಿ ನೋಡಲು. ಅವರು 'ಮೇಡಂ' ಎಂದಾಗಲೆಲ್ಲ ನನ್ನನ್ನೇ ಕರೆದಷ್ಟು ಹಿಗ್ಗು ನನಗೆ. ಮೂರು ಸಲ ಚಹಾ ಮಾಡಿಸಿದೆ.

ನಿನ್ನನ್ನು ಅಡುಗೆಮನೆಯಲ್ಲಿ, ನನ್ನನ್ನು ಜಗಲಿಯಲ್ಲಿ, ಬೇರೆ ಬೇರೆ ಕೂರಿಸಿ ಕೇಳಿದರು. ಮಗಳ ಓದು ಯಾಕೆ ನಿಂತಿತು? "ಫೇಲಾದ್ಳು" ಎಂದೆ, ರೂಢಿಯಂತೆ. ಒಳಗಿನಿಂದ ನೀನು ನಗುತ್ತ ಹೇಳಿದ್ದೂ ಕೇಳಿಸಿತು: "ನಾನು ದಡ್ಡಿ ಕಣವ್ವ. ಬೇಕಾದ್ರೆ ನಮ್ಮವ್ವನ್ನೇ ಕೇಳು."

"ಇಬ್ರುದೂ ಒಂದೇ ಉತ್ರ ಐತೆ ಮೇಡಂ. ಅಂದ್ರೆ ನಿಜಾನೇ," ಎಂದಳು ಒಬ್ಬ ಹುಡುಗಿ.

ಕಾವ್ಯ ಒಪ್ಪಲಿಲ್ಲ. "ಹಂಗಂತ ಬರ್ಕಬ್ಯಾಡ. ಅಮ್ಮಂಗೆ ಹೇಳಿದ್ದು ಯಾರು? ಅಜ್ಜಿ. ಒಂದೇ ಬಾಯಿಂದ ಬಂದಿದ್ದು ಎರಡು ಸಾಕ್ಷಿ ಹೆಂಗಾಗುತ್ತೆ?"

ಅವಳು ಹೇಳಿದ್ದು ಪಾಠ. ಆ ಒಂದೇ ಬಾಯಿ ಮಾತ್ರ ನನ್ನದು.

ನಿನ್ನ ಫಲಿತಾಂಶ ಬಂದ ದಿನ ಮೇಷ್ಟ್ರು ನನ್ನ ಕೈಗೇ ಅಂಕಪಟ್ಟಿ ಕೊಟ್ಟು, "ಹರಿಹರದ ಹೈಸ್ಕೂಲಿಗೆ ಕಳಿಸ್ರಿ. ಈ ಹುಡ್ಗಿನ್ನ ಬಿಡಿಸ್ಬ್ಯಾಡ್ರಿ" ಎಂದಿದ್ದರು. ನಮ್ಮ ಮಂಡಕ್ಕಿ ಹುರಿಯುವ ಭಟ್ಟಿಗೆ ಇನ್ನೊಂದು ಜೋಡಿ ಕೈ ಬೇಕಿತ್ತು. ಹಾಗೆಂದು ಹೇಳಿದ್ದರೆ ನೀನು ಅತ್ತು, ಜಗಳ ತೆಗೆದು, ಹೋಗಿಯೇ ತೀರುತ್ತಿದ್ದೆ. ಅದಕ್ಕೇ ಅಂಕಪಟ್ಟಿಯನ್ನು ಭಟ್ಟಿಯ ಬೆಂಕಿಗೆ ಹಾಕಿದೆ. ಶಾಲೆಯ ಕಡೆ ಸುಳಿಯಬೇಡ, ನಗುತ್ತಾರೆ ಎಂದೆ. ನೀನು ಸುಳಿಯಲಿಲ್ಲ.

ಈಗಲೂ ನೀನು ಬಸ್ಸಿನ ಬೋರ್ಡು ಓದಿದ ಮೇಲೂ ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೀ. ಕಾವ್ಯಳಿಗೆ ಈ ಬುದ್ಧಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, "ಅವ್ರಪ್ಪಂದು" ಎನ್ನುತ್ತೀ. ನಾನು ಪಕ್ಕದಲ್ಲೇ ಇರುತ್ತೇನೆ.

ಬರುವ ಭಾನುವಾರ ಆ ಮಕ್ಕಳು ತಿದ್ದಿದ ಪ್ರಶ್ನೆಗಳನ್ನು ಹಿಡಿದು ಮತ್ತೆ ಬರುತ್ತಾರೆ. ಅದಕ್ಕೆ ಮೊದಲೇ ನಿನಗೆ ತಿಳಿದಿರಲೆಂದು, ಅಕ್ಷರ ಕೂಡಿಸಿ ಕೂಡಿಸಿ ಇಷ್ಟು ಬರೆದೆ. ಓದು ಯಾಕೆ ನಿಂತಿತು ಎಂದು ಕೇಳಿದರೆ, ಪಾಸಾಗಿದ್ದೆ ಅನ್ನು. ಆಮೇಲೆ ನನ್ನ ಕಡೆ ಕೈ ತೋರಿಸು. ನಾನು ಜಗಲಿಯಲ್ಲೇ ಕೂತಿರುತ್ತೇನೆ.